ಅಂಗೈಯಗಲದ ಹೆಂಚು

ಪುಷ್ಯದ ಚಳಿ ಇನ್ನೂ ಇಳಿದಿರಲಿಲ್ಲ. ಬುಕ್ಕಾಂಬುಧಿಯ ಕಣದಲ್ಲಿ ಬೆಳಗಿನಿಂದ ರಾಗಿ ಒಕ್ಕಣೆ ನಡೆದಿತ್ತು. ಆಳುಗಳ ಬುತ್ತಿಗೆಂದು ಕಾಶಮ್ಮ ಹಿತ್ತಲ ಒಲೆಯ ಮುಂದೆ ಕೂತು ಕಬ್ಬಿಣದ ಕಾವಲಿಯ ಮೇಲೆ ರೊಟ್ಟಿ ಸುಡುತ್ತಿದ್ದಳು. ಮಣ್ಣಿನ ಹೆಂಚು ಹೋದ ವರ್ಷವೇ ಒಡೆದಿತ್ತು. ಮೊಮ್ಮಗಳು ಸ್ಫೂರ್ತಿ ಬಟ್ಟೆ ಹಿಂಡದೆ ರೊಟ್ಟಿಗೆ ನೀರು ಸವರಿದ್ದಳು. ಹನಿ ಬಿದ್ದು ಕಾದ ಹೆಂಚು ಟಪ್ಪೆಂದು ಹೋಳಾಗಿತ್ತು. "ನಂಗೊಂದು ಹೆಂಚು ಬಾಕಿ ಕಣೇ," ಎಂದು ಅವಳು ಊರಿಗೆ ಬಂದಾಗಲೆಲ್ಲ ಅಜ್ಜಿ ಕೇಳುತ್ತಿದ್ದಳು.

ಈ ಸಲ ಸ್ಫೂರ್ತಿಯ ಚೀಲದಲ್ಲಿ ಅಂಗೈಯಗಲದ ಬಿಳಿ ಬಿಲ್ಲೆಯೊಂದಿತ್ತು. ಎಷ್ಟು ಕಾಸಿದರೂ ಹಿಗ್ಗದ, ಹಾಗಾಗಿ ತಟ್ಟನೆ ತಣಿದರೂ ಸೀಳದಂಥ ಪಿಂಗಾಣಿ ಮಾಡುವುದೇ ಅವಳ ಸಂಶೋಧನೆ. ಎರಡು ಬಗೆಯ ಪುಡಿ ಬೆರೆಸಿ, ಒತ್ತಿ, ಮೈಕ್ರೋವೇವ್ ಕುಲುಮೆಯಲ್ಲಿ ಸುಡಬೇಕು. ಅಲ್ಲಿ ಬಿಸಿ ಬಿಲ್ಲೆಯ ಒಡಲಲ್ಲೇ ಹುಟ್ಟುತ್ತದೆ. ಅವಸರದಲ್ಲಿ ಸುಟ್ಟವೆಲ್ಲ ಸೀಳಿ, ಇಡಿಯಾಗಿ ಉಳಿದದ್ದು ಇದೊಂದೇ. ಕಾಸಿ ನೀರು ಸೋಕಿಸುವ ಪರೀಕ್ಷೆ ಮಾತ್ರ ಆಗಿರಲಿಲ್ಲ. ಒಡೆದರೆ ಸೋಮವಾರ ಗೈಡ್ ಮುಂದೆ ಇಡಲು ಏನೂ ಇರುತ್ತಿರಲಿಲ್ಲ. ಆ ಭಯಕ್ಕೇ ದಿನ ತಳ್ಳುತ್ತಿದ್ದಳು. ಲ್ಯಾಬಿನಲ್ಲಿ ಬಿಟ್ಟು ಬರಲೂ ಮನಸ್ಸಾಗಿರಲಿಲ್ಲ.

"ನೋಡಜ್ಜಿ, ಇದು ನೀರು ಬಿದ್ರೂ ಒಡೆಯಲ್ಲ ಅಂತ ನಮ್ಮ ಲೆಕ್ಕ," ಎಂದು ತೋರಿಸಿ, ಅಜ್ಜಿಯ ಪಕ್ಕದಲ್ಲೇ ಇಟ್ಟು, ಬುತ್ತಿ ಹೊತ್ತು ಕಣಕ್ಕೆ ಹೋದಳು.

ತಿರುಗಿ ಬಂದಾಗ ಬಿಲ್ಲೆ ಒಲೆಯ ಮೇಲಿತ್ತು. ಹಚ್ಚಿದ ಎಣ್ಣೆ ಹೊಗೆಯಾಡುತ್ತಿತ್ತು. ಮೇಲೊಂದು ಪುಟ್ಟ ರೊಟ್ಟಿ.

"ಅಯ್ಯೋ ಅಜ್ಜಿ! ಏನ್ಮಾಡ್ದೆ?"

"ಹೊಸ ಹೆಂಚು ಪಳಗಿಸ್ದೆ ಹಂಗೇ ಇಟ್ಕತಾರೇನೇ?" ಕಾಶಮ್ಮ ಒದ್ದೆ ಬಟ್ಟೆ ಎತ್ತಿದಳು.

"ಹಿಂಡಜ್ಜಿ, ಹಿಂಡು!"

ಅಷ್ಟರಲ್ಲಿ ನೀರು ಸುರಿಯಿತು. ಚುರ್ರೆಂದಿತು. ಸ್ಫೂರ್ತಿ ಕಣ್ಣು ಮುಚ್ಚಿ ಆ ಟಪ್ಪೆನ್ನುವ ಸದ್ದಿಗೆ ಕಾದಳು. ಅದು ಬರಲಿಲ್ಲ.

ಬಿಲ್ಲೆ ಆರಿದ ಮೇಲೆ ಸ್ಫೂರ್ತಿ ಅದನ್ನು ಸಂತೆಯಲ್ಲಿ ಮಡಕೆ ಕೊಳ್ಳುವವರಂತೆ ಗೆಣ್ಣಿನಿಂದ ತಟ್ಟಿದಳು. ಕಂಚಿನಂತೆ ನುಡಿಯಿತು. ಬಿಸಿಲಿಗೆ ಹಿಡಿದರೆ ಒಂದು ಗೆರೆಯೂ ಇಲ್ಲ.

"ಲ್ಯಾಬಲ್ಲಿ ಇನ್ನೊಂದ್ಸಲ ನೋಡ್ಬೇಕಜ್ಜಿ. ಆದ್ರೆ ಈಗ ಧೈರ್ಯ ಬಂತು. ನನ್ ಬಾಕಿ ತೀರ್ತಲ್ವಾ?"

ಹೊಸ ಹೆಂಚಿನ ಮೊದಲ ರೊಟ್ಟಿಯನ್ನು ಹಸುವಿನ ಬಾಯಿಗಿಡುತ್ತ ಕಾಶಮ್ಮ ನಕ್ಕಳು. "ತೀರೋದೆಲ್ಲಿಂದ ಬಂತು? ನನ್ ಹೆಂಚು ಮೊರದಗಲ ಇತ್ತು. ಇದ್ರಲ್ಲಿ ಸುಟ್ರೆ ಆಳುಗಳು ನಾಳಿಕ್ಕೆ ಉಂಡಾರು."

"ಅಷ್ಟು ದೊಡ್ಡದಕ್ಕೆ ನಮ್ ಕುಲುಮೆ ಬಾಯಿ ಸಾಲಲ್ಲ."

"ಬಾಯಿ ದೊಡ್ಡದು ಮಾಡ್ಸು. ಅಲ್ಲೀವರ್ಗೂ ಬಾಕಿ ಬಾಕಿನೇ ಕಣೇ."

ಸ್ಫೂರ್ತಿ ಬಿಲ್ಲೆಯ ಎಣ್ಣೆಜಿಡ್ಡು ಒರೆಸಿ ಚೀಲಕ್ಕೆ ಹಾಕಿಕೊಂಡಳು.