ಒಂದು ದಿನದ ಮುಯ್ಯಾಳು

ಚಳಿ ಇಳಿಯುತ್ತಿದ್ದ ಕಾಲ. ಬಟಾಣಿ ಗಿಡಗಳು ಹೊಲದಲ್ಲೇ ಒಣಗಿ ನಿಂತಿದ್ದವು; ಗಾಳಿ ಬೀಸಿದರೆ ಕಾಯಿಗಳೊಳಗೆ ಕಾಳು ಗಲಗಲ ಎನ್ನುತ್ತಿತ್ತು. ಬೀಜದಂಗಡಿಯ ಹಿಂದಿನ ಗೋದಾಮಿನಲ್ಲಿ ಬೆಳಿಗ್ಗೆಯೇ ಕೆಲಸ ಹತ್ತಿತ್ತು. ನಡುವೆ ಒಣಕಾಯಿಯ ರಾಶಿ. ಸುತ್ತ ಚಾಪೆ ಹಾಕಿ ಕೂತವರ ಕೈಗಳು ಕಾಯಿ ಬಿಡಿಸುತ್ತಿದ್ದವು, ಬಾಯಿಗಳು ಇಂಗ್ಲಿಷ್ ಮಾತಾಡುತ್ತಿದ್ದವು.

ಇಂಗ್ಲಿಷಕ್ಕನ ಪಾಠ ನಡೆಯುತ್ತಿದ್ದದ್ದೇ ಹೀಗೆ. ಬೀಜ ಬಿಡಿಸಿಕೊಡುವ ಮಾತಿನ ಮೇಲೆ ಅಂಗಡಿಯವನು ಗೋದಾಮು ಬಿಟ್ಟುಕೊಟ್ಟಿದ್ದ. ಮೊದಮೊದಲು ಅವಳಿಗೆ ಇದು ಅವಮಾನ ಎನಿಸಿತ್ತು. ಆಮೇಲೆ ನೋಡಿದರೆ, ಕೈ ಕೆಲಸದಲ್ಲಿದ್ದಾಗ ನಾಲಿಗೆಗೆ ಹೆದರಿಕೆಯೇ ಇರುವುದಿಲ್ಲ. ಬಾಯಿಪಾಠ ಒಪ್ಪಿಸಲೂ ಆಗುವುದಿಲ್ಲ, ಹುಳುಕು ಕಾಳು ಕಂಡರೆ ಪಾಠ ಅಲ್ಲೇ ತುಂಡಾಗುತ್ತದೆ. ಪಟ್ಟಣದಲ್ಲಿ ನಡೆಯುವ ಇಂಗ್ಲಿಷ್ ಮಾತಿನ ಪರೀಕ್ಷೆಗೆ ಬೇಕಾದದ್ದೂ ಅದೇ. ಅಲ್ಲಿ ಚೀಟಿಯಲ್ಲಿ ಒಂದು ವಿಷಯ ಕೊಡುತ್ತಾರೆ. ಉರು ಹೊಡೆದುಕೊಂಡು ಬಂದವರನ್ನು ಮೊದಲ ಉಸಿರಿಗೇ ಗುರುತು ಹಿಡಿದು, ನಡುವೆ ತಡೆದು, ಎಲ್ಲಿಯದೋ ಪ್ರಶ್ನೆ ಎಸೆಯುತ್ತಾರೆ. ಅಲ್ಲಿ ತಡವರಿಸಿದರೆ ಮುಗಿಯಿತು.

"ಕಂಡಕ್ಟರೇ, ನೀವು ಮಾಡಿದ ಒಂದು ಪ್ರಯಾಣದ ಬಗ್ಗೆ ಹೇಳಿ," ಎಂದಳು ಇಂಗ್ಲಿಷಿನಲ್ಲಿ.

ಕಂಡಕ್ಟರ್ ಕಾಯಿ ಬಿಡಿಸುತ್ತಲೇ ಶುರು ಮಾಡಿದ. ಇಂಗ್ಲಿಷಿನಲ್ಲೇ ಜನ ಹತ್ತಿಸಿದ, ಇಳಿಸಿದ, ಒಬ್ಬಳ ಕೋಳಿ ತಪ್ಪಿಸಿಕೊಂಡು ಡ್ರೈವರನ ತಲೆಯ ಮೇಲೆ ಕೂತದ್ದನ್ನು ಹೇಳಿದ. ದರ್ಜಿಯ ಸೊಸೆ ನಕ್ಕು ಮಡಿಲಿನ ಕಾಳೆಲ್ಲ ಚೆಲ್ಲಿಕೊಂಡಳು.

ಆ ನಗೆಯ ನಡುವೆ ಬಾಗಿಲಲ್ಲಿ ಇಂಗ್ಲಿಷಕ್ಕನ ಅತ್ತಿಗೆ ಬಂದು ನಿಂತಳು. ಹಿಂದೆ ಅವಳ ಮಗಳು.

"ಏನಮ್ಮ ನಾದಿನಿ, ಪಾಠವೋ ಸಂತೆಯೋ?" ಎನ್ನುತ್ತ ಒಳಗೆ ಬಂದಳು. "ನಮ್ಮ ಪುಟ್ಟಿಗೂ ನಾಲ್ಕು ಮಾತು ಹೇಳಿಕೊಡು. ನರ್ಸಾಗ್ತಾಳಂತೆ, ದೊಡ್ಡಾಸ್ಪತ್ರೆಗೆ ಹೋಗ್ತಾಳಂತೆ. ಅದಕ್ಕೆ ಈ ಪರೀಕ್ಷೆ ಬೇಕಂತೆ. ನೀನಲ್ಲದೆ ಇನ್ಯಾರು ಹೇಳಿಕೊಡ್ತಾರೆ, ಸ್ವಂತ ಅಣ್ಣನ ಮಗಳಿಗೆ?"

ಇಂಗ್ಲಿಷಕ್ಕ ಅತ್ತಿಗೆಯ ಮುಖ ನೋಡಿದಳು. ಇಂಗ್ಲಿಷಕ್ಕನೂ ಈ ಹುಡುಗಿಯ ವಯಸ್ಸಿನಲ್ಲಿದ್ದಾಗ ಇದೇ ಪರೀಕ್ಷೆಗೆ ಹೊರಟಿದ್ದಳು. ಲಿಖಿತದಲ್ಲಿ ಪಾಸಾಗಿ, ಮಾತಿನ ಪರೀಕ್ಷೆಯೊಂದೇ ಉಳಿದಿತ್ತು. ಆ ದಿನ ಬೆಳಿಗ್ಗೆ ಅತ್ತಿಗೆ ಜ್ವರವೆಂದು ಕಂಬಳಿ ಹೊದ್ದು ನರಳುತ್ತ ಮಲಗಿದ್ದಳು. ಪಕ್ಕದ ಹೊಲದ ಅಜ್ಜಿಗೆ ಈ ಮನೆಯಿಂದ ಒಂದು ಮುಯ್ಯಾಳು ಹೋಗಬೇಕಿತ್ತು. ಅವರು ಬಂದು ದುಡಿದದ್ದಕ್ಕೆ ಬದಲಾಗಿ ಇವರು ಹೋಗಿ ದುಡಿಯಬೇಕು. ತಪ್ಪಿಸಿದರೆ ಮುಂದೆ ಯಾರೂ ಇವರ ಹೊಲಕ್ಕೆ ಕೈ ಹಾಕುವುದಿಲ್ಲ. ಅದು ಅತ್ತಿಗೆಯ ಸರದಿ. ಅಣ್ಣ ಕಣ್ಣು ತಗ್ಗಿಸಿ, "ಪರೀಕ್ಷೆ ಮುಂದಿನ ವರ್ಷವೂ ಬರುತ್ತೆ, ನೀನೇ ಹೋಗಮ್ಮ," ಎಂದಿದ್ದ. ಸಂಜೆ ಬಟಾಣಿ ಕಿತ್ತು ಬೆರಳು ಕೊಯ್ದುಕೊಂಡು ಬಂದಾಗ ಅತ್ತಿಗೆ ಜಗಲಿಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತ ಯಾರ ಜೊತೆಯೋ ನಗುತ್ತಿದ್ದಳು. ಮುಂದಿನ ವರ್ಷಕ್ಕೆ ವಯಸ್ಸು ಮೀರಿಹೋಯಿತು.

"ಬಿಟ್ಟುಹೋಗಿ ಅತ್ತಿಗೆ," ಎಂದಳು. "ಇವಳಿಗೆ ನಾನು ಬೇರೆಯಾಗೇ ಹೇಳಿಕೊಡ್ತೀನಿ."

ಬೇರೆಯಾಗೇ ಹೇಳಿಕೊಟ್ಟಳು. ಕಿಟಕಿಯ ಹತ್ತಿರ ಹುಡುಗಿಗೊಂದು ಮೇಜು ಹಾಕಿಸಿದಳು. ನನ್ನ ಊರು, ನನ್ನ ತಾಯಿ, ನನ್ನ ಗುರಿ, ಒಂದೊಂದಕ್ಕೂ ಚೆಂದದ ಇಂಗ್ಲಿಷ್ ಭಾಷಣ ಬರೆದುಕೊಟ್ಟು ಉರು ಹೊಡೆಸಿದಳು. ಹುಡುಗಿ ಬೆನ್ನು ನೆಟ್ಟಗೆ ಮಾಡಿ, ಗೋಡೆ ನೋಡುತ್ತ ಒಪ್ಪಿಸುತ್ತಿದ್ದಳು. ಒಂದು ಅಕ್ಷರ ತಪ್ಪುತ್ತಿರಲಿಲ್ಲ. ಕೇಳುತ್ತ ಇಂಗ್ಲಿಷಕ್ಕನಿಗೆ ಎದೆಯೊಳಗೆ ಏನೋ ತಣ್ಣಗಾಗುತ್ತಿತ್ತು. ಪರೀಕ್ಷಕರು ತಡೆಯುವ ಗಳಿಗೆ, ಆ ಬಾಯಿ ತೆರೆದು ತೆರೆದಂತೇ ನಿಲ್ಲುವುದು, ಆಮೇಲೆ ಅತ್ತಿಗೆಯ ಮುಖ, ಇವನ್ನು ಮತ್ತೆ ಮತ್ತೆ ನೆನೆದುಕೊಳ್ಳುತ್ತಿದ್ದಳು.

"ಅತ್ತೆ, ನಾನೂ ಆ ರಾಶಿ ಹತ್ರ ಕೂತ್ಕೊಳ್ಳಲಾ?" ಎಂದು ಹುಡುಗಿ ಕೇಳುತ್ತಿದ್ದಳು. "ಕಂಡಕ್ಟರ್ ಮಾಮನ ಕೋಳಿ ಕಥೆ ಕೇಳಿದ್ರೆ ನಂಗೂ ಏನೇನೋ ಹೇಳ್ಬೇಕು ಅನ್ಸುತ್ತೆ."

"ನಿಂದು ಬೇರೆ ದಾರಿ. ಸುಮ್ನೆ ಓದು."

ಪರೀಕ್ಷೆಗೆ ವಾರವೊಂದು ಇದ್ದಾಗ ಅತ್ತಿಗೆ ಬೀಜದಂಗಡಿಗೆ ಬಂದಳು. ನಡುವೆ ಹಲಗೆಯ ಗೋಡೆ. ಅಂಗಡಿಯವನ ಜೊತೆ ಅವಳು ಆಡಿದ ಮಾತೆಲ್ಲ ಗೋಡೆಗೆ ಒರಗಿ ಕೂತಿದ್ದ ಇಂಗ್ಲಿಷಕ್ಕನಿಗೆ ಕೇಳಿಸಿತು; ಹುಡುಗಿ ಅತ್ತ ಕಿಟಕಿಯ ಹತ್ತಿರ ಗಟ್ಟಿಯಾಗಿ ಉರು ಹೊಡೆಯುತ್ತಿದ್ದಳು.

"ಏನಮ್ಮ, ಮಗಳು ನರ್ಸಾಗಿ ಹೊರಟುಹೋದ್ರೆ ನಿಮ್ಮ ಹೊಲದ ಗತಿ?"

"ಅಯ್ಯೋ, ಹೋಗೋದೆಲ್ಲಿಗೆ! ಅವರಪ್ಪನ ಹಠ, ಅದಕ್ಕೇ ಕಳಿಸ್ತಿದೀನಿ. ಹೋಗಲಿ, ಫೇಲಾಗಲಿ. ಆಮೇಲೆ ಬಾಯಿ ಮುಚ್ಕೊಂಡು ಕಟಾವಿಗೆ ಬರ್ತಾಳೆ. ಅವಳ ಕೈ ಎಂಥ ಚುರುಕು ಗೊತ್ತಾ? ಇಬ್ಬರ ಕೆಲಸ ಮಾಡ್ತಾಳೆ."

ಇಂಗ್ಲಿಷಕ್ಕ ಕೈಯಲ್ಲಿದ್ದ ಕಾಯಿಯನ್ನು ಬಿಡಿಸದೆ ಹಾಗೇ ಹಿಡಿದು ಕೂತಳು. ಇಷ್ಟು ದಿನ ನಾನು ಅತ್ತಿಗೆಯ ಕೆಲಸವನ್ನೇ ಮಾಡಿಕೊಡುತ್ತಿದ್ದೆ! ಅಂದು ಹೊಲದಲ್ಲಿ, ಇಂದು ಮೇಜಿನ ಮುಂದೆ.

ಎದ್ದು ಹೋಗಿ ಹುಡುಗಿಯ ಮುಂದಿದ್ದ ಹಾಳೆಗಳನ್ನೆಲ್ಲ ಬಾಚಿ ಹೊರಗಿನ ಚಹಾದ ಒಲೆಗೆ ಹಾಕಿದಳು.

"ಅತ್ತೆ! ಎಲ್ಲ ಬಾಯಿಗೆ ಬಂದಿದೆಯಲ್ಲ!"

"ಅದನ್ನೇ ಮರೀಬೇಕು ಈಗ. ಇಳಿ ಕೆಳಗೆ. ಕಾಯಿ ಬಿಡಿಸು."

ಆ ವಾರ ಹುಡುಗಿಯನ್ನು ಅರೆದಳು. ಮಾತು ಪೂರ್ತಿಯಾಗುವ ಮುಂಚೆಯೇ ತಡೆಯುವಳು, ಅಡ್ಡಪ್ರಶ್ನೆ ಹಾಕುವಳು, ಉರು ಹೊಡೆದ ಒಂದು ಪದ ನುಸುಳಿದರೂ ರಾಶಿಯಿಂದ ಮುಷ್ಟಿ ಸಿಪ್ಪೆ ತೆಗೆದು ಅವಳ ಮೇಲೆ ಎರಚುವಳು. "ಸಾಯಿಸಬೇಡಮ್ಮ ಆ ಕೂಸನ್ನ," ಎಂದು ಕಂಡಕ್ಟರ್ ಗೊಣಗಿದ. ಹುಡುಗಿ ಮೊದಲು ಅತ್ತಳು, ಆಮೇಲೆ ಸಿಟ್ಟಾದಳು. ಸಿಟ್ಟಿನಲ್ಲಿ ಇಂಗ್ಲಿಷಿನಲ್ಲೇ ಜಗಳಕ್ಕೆ ನಿಂತಳು. ಇಂಗ್ಲಿಷಕ್ಕ ಅಂದು ಮೊದಲ ಸಲ ಅವಳಿಗೆ ಕುಡಿಯಲು ನೀರು ಕೊಟ್ಟಳು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಹುಡುಗಿ ಕಣ್ಣು ಕೆಂಪಾಗಿಸಿಕೊಂಡು ಬಂದಳು. ನಾಳೆ ತಾನೇ ಪಕ್ಕದ ಹೊಲದ ಅಜ್ಜಿಗೆ ಮುಯ್ಯಾಳಾಗಿ ಹೋಗಬೇಕಂತೆ. ಅಪ್ಪ ಊರಲ್ಲಿಲ್ಲ. ಅಮ್ಮನಿಗೆ ಸೊಂಟ ನೋವಂತೆ.

ಇಂಗ್ಲಿಷಕ್ಕ ಸೆರಗಿಗೆ ಅಂಟಿದ ಸಿಪ್ಪೆ ಕೊಡವಿಕೊಂಡು ನೇರ ಅಣ್ಣನ ಮನೆಗೆ ನಡೆದಳು. ಅಜ್ಜಿ ಆಗಲೇ ಜಗಲಿಯಲ್ಲಿ ಕೂತು ನಾಳೆ ಯಾರು ಬರುತ್ತೀರಿ ಎಂದು ವಿಚಾರಿಸುತ್ತಿದ್ದಳು. ಊರಿನ ಮುಯ್ಯಿನ ಲೆಕ್ಕವೆಲ್ಲ ಆ ಮುದುಕಿಯ ತಲೆಯಲ್ಲೇ ಇತ್ತು. ಅವಳು ಹೇಳಿದ್ದಕ್ಕೆ ಎದುರಾಡುವವರಿಲ್ಲ.

"ಅಜ್ಜಿ, ಒಂದು ನ್ಯಾಯ ಹೇಳಿ. ಒಬ್ಬರ ಸರದಿಗೆ ಇನ್ನೊಬ್ಬರು ಹೋಗಿ ದುಡಿದ್ರೆ, ಆ ದಿನ ಯಾರಿಗೆ ಸೇರಬೇಕು?"

"ದುಡಿದವಳಿಗೆ. ಅವಳು ಯಾವತ್ತು ಕೇಳ್ತಾಳೋ ಆವತ್ತು ಕೊಡಬೇಕು."

"ನಿಮ್ಮ ಹೊಲದಲ್ಲಿ ನಾನು ಅತ್ತಿಗೆ ಬದಲಿಗೆ ಕಾಯಿ ಕಿತ್ತದ್ದು ನೆನಪಿದೆಯಾ?"

ಅಜ್ಜಿ ಕಣ್ಣು ಕಿರಿದು ಮಾಡಿದಳು. "ನೆನಪಿಲ್ಲದೆ ಏನೇ? ಅಳ್ತಾ ಅಳ್ತಾ ಅರ್ಧ ಕಾಯಿ ಗಿಡದಲ್ಲೇ ಬಿಟ್ಟಿದ್ದೆ. ನಾನೇ ಬಗ್ಗಿ ಹೆಕ್ಕಿದೆ, ಮಾರಾಯ್ತಿ."

"ಆ ದಿನ ನಂಗೆ ವಾಪಸ್ಸು ಬೇಕು. ನಾಳೆಯೇ. ಅತ್ತಿಗೆ, ನಾಳೆ ನಿಮ್ಮ ಮಗಳ ಬದಲಿಗೆ ನೀವು ಹೋಗಿ."

ಅತ್ತಿಗೆ ಕೈಯಲ್ಲಿದ್ದ ಚೆಂಬನ್ನು ಕೆಳಗಿಟ್ಟಳು. "ಎಂದಿನದೋ ಮಾತು ಈಗ ಎತ್ತಿ ಆಡ್ತೀಯಲ್ಲೇ! ನಾನು ಹೊಲದಲ್ಲಿ ಬಗ್ಗಿ ಎಷ್ಟು ಕಾಲವಾಯ್ತು. ಸೊಂಟ ನೋವು ನಂಗೆ."

"ಸೊಂಟ ತಾನೇ? ಜ್ವರ ಅಲ್ಲವಲ್ಲ?"

ಅತ್ತಿಗೆ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಎಲೆಯಡಿಕೆಯ ರಸ ಉಗುಳಿ ಎದ್ದಳು. "ಹೊತ್ತು ಹುಟ್ಟೋಕೆ ಮುಂಚೆ ಬಾ. ಬಿಸಿಲೇರಿದ್ರೆ ಕಾಯಿ ಸಿಡಿಯುತ್ತೆ."

ಮರುದಿನ ಬೆಳಿಗ್ಗೆ ಇಂಗ್ಲಿಷಕ್ಕ ಹುಡುಗಿಯನ್ನು ಕರೆದುಕೊಂಡು ಹೊರಟಳು. ಬಸ್ಸಿಗೆ ಹತ್ತಿರದ ದಾರಿ ಬೇರೆ ಇತ್ತು. ಅವಳು ಬೇಕೆಂದೇ ಹೊಲದ ಬದುವಿನ ಮೇಲೆ ನಡೆಸಿದಳು. ಕೆಳಗೆ ಸಾಲಿನಲ್ಲಿ ಜನ ಬಗ್ಗಿದ್ದರು. ಎಲ್ಲರಿಗಿಂತ ಹಿಂದೆ ಅತ್ತಿಗೆ, ಒಂದು ಕೈ ಸೊಂಟದ ಮೇಲೆ. ಇಸ್ತ್ರಿ ಮಾಡಿದ ಬಟ್ಟೆಯ ಹುಡುಗಿ ನಿಂತುಬಿಟ್ಟಳು.

"ಆ ಹೆಂಗಸು ಏನು ಮಾಡ್ತಿದ್ದಾಳೆ?" ಇಂಗ್ಲಿಷಕ್ಕ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೇಳಿದಳು.

ಹುಡುಗಿ ಇಂಗ್ಲಿಷಿನಲ್ಲೇ ತಡೆಯಿಲ್ಲದೆ ಹೇಳಿದಳು: "ಅವಳು ನನ್ನಮ್ಮ. ನನ್ನ ಬದಲಿಗೆ ದುಡೀತಿದ್ದಾಳೆ. ಅವಳಿಗೆ ನೋವಾಗ್ತಿದೆ. ನಿಮಗೆ ಖುಷಿಯಾಗ್ತಿದೆ. ನನಗೆ ಇಬ್ಬರ ಮೇಲೂ ಸಿಟ್ಟಿದೆ, ಆದ್ರೂ ನಾನು ಹೋಗ್ತೀನಿ."

ಕೆಳಗಿನಿಂದ ಅತ್ತಿಗೆ ತಲೆಯೆತ್ತಿ, "ಏನಂತಾಳೆ ಅವಳು?" ಎಂದು ಕೂಗಿದಳು.

"ಪಾಠ ಒಪ್ಪಿಸ್ತಿದ್ದಾಳೆ ಅತ್ತಿಗೆ. ನೀವು ಕೆಲಸ ಮಾಡಿ."

ಹುಡುಗಿಯನ್ನು ಬಸ್ಸು ಹತ್ತಿಸಿ ಬಂದವಳು ಗೋದಾಮಿಗೆ ಹೋಗಲಿಲ್ಲ. ಬದುವಿನ ಮೇಲೆ ಕೂತಳು. ಬಿಸಿಲು ನೆತ್ತಿಗೆ ಬಂದು ಇಳಿಯಿತು. ನೀರು ಕುಡಿಯಲು ಎದ್ದಾಗಲೆಲ್ಲ ಅತ್ತಿಗೆ ಇವಳ ಕಡೆ ನೋಡುತ್ತಿದ್ದಳು. ಇವಳು ಕಣ್ಣು ತೆಗೆಯಲಿಲ್ಲ.

ಇಳಿಹೊತ್ತಿಗೆ ಹುಡುಗಿ ಬದುವಿನುದ್ದಕ್ಕೂ ಓಡುತ್ತ ಬಂದಳು. "ಅತ್ತೆ, ಮಧ್ಯದಲ್ಲೇ ತಡೆದರು! ಬೆರಳಲ್ಲಿ ಏನು ಗಾಯ ಅಂದ್ರು. ಬಟಾಣಿ ಅಂದೆ. ಆಮೇಲೆ ಬರೀ ಅದನ್ನೇ ಕೇಳಿದರು, ನಾನು ಹೇಳ್ತಾನೇ ಇದ್ದೆ, ಅವರೇ ಕೈ ಎತ್ತಿ ಸಾಕಮ್ಮ ಅಂದ್ರು. ನಕ್ಕರು!"

ಅತ್ತಿಗೆ ಕಡೆಯ ಸಾಲು ಮುಗಿಸಿ, ಚೀಲವನ್ನು ಅಜ್ಜಿಯ ಮುಂದೆ ಕುಕ್ಕಿ, ಮಣ್ಣು ಮೆತ್ತಿದ ಮುಖವೆತ್ತಿದಳು. "ತೀರ್ತೇನೇ ನಿನ್ನ ದಿನ? ಹೊಟ್ಟೆ ತಣ್ಣಗಾಯ್ತಾ?"

ಇಂಗ್ಲಿಷಕ್ಕ ಎದ್ದು, ಆ ಸಾಲಿನುದ್ದಕ್ಕೂ ನಿಧಾನವಾಗಿ ನಡೆದು ನೋಡಿದಳು. ಕೊನೆಯ ಗಿಡಗಳ ಹತ್ತಿರ ನಿಂತಳು.

"ಇಲ್ಲಿ ಕಾಯಿ ಉಳಿದಿವೆ ಅತ್ತಿಗೆ."

ಅಜ್ಜಿಯೂ ಬಂದು ನೋಡಿ, ಹೌದು ಎನ್ನುವಂತೆ ತಲೆಯಾಡಿಸಿದಳು. ಅಮ್ಮನ ಚೀಲ ಹಿಡಿಯಲು ಹುಡುಗಿ ಒಂದು ಹೆಜ್ಜೆ ಮುಂದಿಟ್ಟಳು. ಇಂಗ್ಲಿಷಕ್ಕ ಅವಳ ತೋಳು ಹಿಡಿದು ನಿಲ್ಲಿಸಿದಳು.

ಅತ್ತಿಗೆ ಇನ್ನೊಮ್ಮೆ ಬಗ್ಗಿದಳು.