ಬುಡ ಸಮೇತ

ಎಡಗಿವಿಯ ಹಿಂದೆ ಎಲಾಸ್ಟಿಕ್ಕು ಕಡಿಯುತ್ತಿದೆ, ಕೆರೆದುಕೊಳ್ಳುವಂತಿಲ್ಲ, ಕೆರೆದರೆ ತಲೆಯ ಮೇಲಿರುವುದೆಲ್ಲ ಒಟ್ಟಿಗೆ ಅರ್ಧ ಬೆರಳು ಪಕ್ಕಕ್ಕೆ ಜರುಗುತ್ತದೆ, ಹಾಗೆ ಜರುಗುವ ಕೂದಲು ಲೋಕದಲ್ಲಿ ಯಾರಿಗಿದೆ, ಅದಕ್ಕೇ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಶಾಲೆಯ ಹುಡುಗಿಯ ಹಾಗೆ ಸಾಲಿನಲ್ಲಿ ನಿಂತಿದ್ದಾಳೆ, ಮುಂದೆ ಏಳು ಜನ, ಹಿಂದೆ ಒಬ್ಬಳೇ, ಮಾರುದ್ದ — ಅವಳಿಗೂ ಒಂದು ಹೆಸರಿದೆ, ಅದು ಹಾಜರಿ ಯಂತ್ರಕ್ಕೆ ಮಾತ್ರ ಗೊತ್ತು, ಮಾರುದ್ದದ ಜಡೆ ಹೊತ್ತು ಓಡಾಡುವವಳನ್ನು ಇನ್ನೇನೆಂದು ಕರೆಯುವುದು — ಎದುರಿಗೆ ಸ್ಟೀಲಿನ ಮೇಜು, ಮೇಜಿನಾಚೆ ಕ್ವಾಲಿಟಿ ಮೇಡಂ, ಅವರ ಕೈಯಲ್ಲಿ ಚಿಮುಟ, ಪಕ್ಕದಲ್ಲಿ ನಂಬರು ಬರೆದ ಒಂಬತ್ತು ಪುಟ್ಟ ಪ್ಲಾಸ್ಟಿಕ್ ಕವರು. ಬಟ್ಟೆ ಬದಲಿಸುವ ಈ ಕೋಣೆಗೆ ಕಿಟಕಿಯಿಲ್ಲ, ಎರಡು ಬಾಗಿಲಿವೆ, ಒಂದು ತೆರೆದಿದ್ದರೆ ಇನ್ನೊಂದು ತೆರೆಯುವುದಿಲ್ಲ, ಧೂಳು ಒಳಗೆ ಹೋಗಬಾರದೆಂದು ಹಾಗೆ ಮಾಡಿದ್ದಾರೆ, ಈಗ ಎರಡೂ ಮುಚ್ಚಿವೆ, ಆಚೆ ಕೋಣೆಯಲ್ಲಿ ಇಂಜೆಕ್ಷನ್ ಔಷಧಿ ತುಂಬುವ ಯಂತ್ರ ಸುಮ್ಮನಿದೆ, ಹದಿನಾಲ್ಕು ವರ್ಷದಲ್ಲಿ ಅದು ಹೀಗೆ ಸುಮ್ಮನಿದ್ದದ್ದನ್ನು ಅವಳು ಕೇಳಿಯೇ ಇಲ್ಲ, ಗಾಜಿನ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುವ ಸದ್ದು ಮನೆಗೆ ಹೋದ ಮೇಲೂ ಕಿವಿಯಲ್ಲಿ ಉಳಿದಿರುತ್ತಿತ್ತು, ಈಗ ಕೇಳುತ್ತಿರುವುದು ಮೇಡಂ ಧ್ವನಿ ಒಂದೇ, ಬುಡ ಸಮೇತ ಬೇಕು ಕಣ್ರಮ್ಮ, ತುಂಡು ಕೂದ್ಲು ನಡಿಯಲ್ಲ, ಹೆದರ್ಬೇಡಿ, ಇರುವೆ ಕಚ್ಚಿದಷ್ಟೇ.

ನಿನ್ನೆ ಪಕ್ಕದ ಕಟ್ಟಡದಲ್ಲಿ ಬಾಟಲಿಗಳನ್ನು ದೀಪಕ್ಕೆ ಹಿಡಿದು ನೋಡುವ ಹೆಂಗಸರಲ್ಲಿ ಒಬ್ಬಳು ಕೈಯೆತ್ತಿದಳಂತೆ, ಮೂರು ವಾರದ ಹಿಂದೆ ತುಂಬಿದ ಒಂದು ಬಾಟಲಿಯೊಳಗೆ ಕೂದಲು, ಗೇಣುದ್ದ, ಕಪ್ಪು, ನೀರಿನಂಥ ಔಷಧಿಯಲ್ಲಿ ಸುತ್ತಿಕೊಂಡು ಕೂತಿತ್ತಂತೆ, ಆ ದಿನ ತುಂಬಿದ ನಲವತ್ತು ಸಾವಿರ ಬಾಟಲಿಯನ್ನೂ ಪಕ್ಕಕ್ಕಿಟ್ಟು ಬೀಗ ಹಾಕಿದ್ದಾರೆ, ಆ ದಿನ ಒಳಗಿದ್ದವರು ಒಂಬತ್ತು ಹೆಂಗಸರು, ಒಬ್ಬೊಬ್ಬರೂ ಒಂದೊಂದು ಕೂದಲು ಕೊಡಬೇಕು, ಯಂತ್ರದ ಕೆಳಗಿಟ್ಟು ಹೋಲಿಸುತ್ತಾರೆ, ಹೊಂದಿದವರು ಮನೆಗೆ. ಯಾರದ್ದೂ ಹೊಂದದಿದ್ದರೆ? ಹಾಗೆ ಕೇಳಿದವಳು ಸಾಲಿನ ಮೊದಲನೆಯವಳು, ಮೇಡಂ ಒಮ್ಮೆ ಸಾಲಿನ ಕೊನೆಗೆ ಕಣ್ಣು ಹಾಯಿಸಿದರು, ಅಷ್ಟೇ ಸಾಕಾಯಿತು, ಒಳಗೆ ಹೋಗುವಾಗ ತಲೆಗೆ ಹಾಕುವ ಮುಸುಕಿನಿಂದ ಎಳೆ ಹೊರಬಂದಿದೆಯೆಂದು ಎರಡು ಸಲ ಎಚ್ಚರಿಕೆಯ ಚೀಟಿ ಪಡೆದವಳು ಇಡೀ ಕೋಣೆಗೆ ಒಬ್ಬಳೇ, ಮಾರುದ್ದ, ಗೇಣುದ್ದದ ಕೂದಲಿಗೆ ಮಾರುದ್ದದವಳು ಸಿಕ್ಕಿಬೀಳುವುದು ಯಾವ ನ್ಯಾಯ, ಆದರೆ ಅವಳ ಹಣೆಯ ಅಂಚಿನಲ್ಲಿ ಗಿಡ್ಡ ಕೂದಲೂ ಇವೆಯಲ್ಲ, ದಿನಾ ಮುಸುಕು ಹಾಕಿಕೊಂಡ ಮೇಲೆ ಒಬ್ಬರನ್ನೊಬ್ಬರು ನೋಡಿ ಸಹಿ ಮಾಡುವ ನಿಯಮ, ಜೋಡಿಗೆ ಜೋಡಿ, ಹದಿನಾಲ್ಕು ವರ್ಷವೂ ಇವಳ ಜೋಡಿ ಮಾರುದ್ದಳೇ, ಆ ಗಿಡ್ಡ ಕೂದಲುಗಳನ್ನು ಇವಳೇ ಎಷ್ಟು ಸಲ ಬೆರಳಿನಿಂದ ಒಳಗೆ ತುರುಕಿಲ್ಲ. ಮೊದಲನೆಯವಳು ಕುರ್ಚಿಯಲ್ಲಿ ಕೂತಳು, ತಲೆ ಬಗ್ಗಿಸಿದಳು, ಚಿಮುಟ ಒಂದು ಎಳೆ ಹಿಡಿದು ಮೇಲಕ್ಕೆ ಜಗ್ಗಿತು, ಕೂದಲು ಬರುವ ಮೊದಲು ಅದರ ಬುಡದ ಚರ್ಮ ಸಾಸಿವೆ ಕಾಳಿನಷ್ಟು ಮೇಲೆದ್ದಿತು, ಎದ್ದು ಒಂದು ಕ್ಷಣ ಹಾಗೇ ನಿಂತು, ಆಮೇಲೆ ಬಿಟ್ಟುಕೊಟ್ಟಿತು, ಸ್ಸ್ ಎಂದಳು. ಸಾಲು ಒಂದು ಹೆಜ್ಜೆ ಮುಂದೆ ಹೋಯಿತು.

ಅದು ತನ್ನದೇ ಕೂದಲು. ಇದರಲ್ಲಿ ಅವಳಿಗೆ ಅನುಮಾನವಿಲ್ಲ, ಅನುಮಾನವಿದ್ದಿದ್ದರೆ ಎಷ್ಟು ಹಾಯಾಗಿರುತ್ತಿತ್ತು, ಆಸ್ಪತ್ರೆಯ ನರ್ಸು ಬೆರಳೆಣಿಸಿ ಹೇಳಿದ್ದಳು, ಮೊದಲನೇ ಡ್ರಿಪ್ ಆಗಿ ಎರಡ್ರಿಂದ ಮೂರು ವಾರ, ಆಮೇಲೆ ಉದುರುತ್ತೆ, ಕೆಲವ್ರಿಗೆ ಉದುರಲ್ಲ, ಆ ಕೆಲವರಲ್ಲಿ ತಾನೂ ಒಬ್ಬಳೆಂದು ಯಾಕೆ ನಂಬಿದಳೋ, ಹದಿನೇಳನೆಯ ದಿನ ಕೆಲಸಕ್ಕೆ ಬಂದಳು, ಟೈಫಾಯ್ಡ್ ಎಂದು ಸುಳ್ಳು ಹೇಳಿ ತೆಗೆದ ರಜೆ ಮುಗಿದಿತ್ತು, ನಿಜ ಹೇಳುವ ಹಾಗಿರಲಿಲ್ಲ, ಕಾಯಿಲೆಯವರಿಗೆ ಆ ಕೋಣೆಯೊಳಗೆ ಪ್ರವೇಶವಿಲ್ಲ, ಹೋದ ವರ್ಷ ಚರ್ಮದ ಕಾಯಿಲೆಯವಳನ್ನು ನಾಲ್ಕು ದಿನ ರೆಸ್ಟ್ ತಗೊಳ್ಳಿ ಎಂದು ನಗುನಗುತ್ತಾ ಕಳಿಸಿದರು, ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಅವತ್ತು ಮುಸುಕಿನೊಳಗೆ ತಲೆ ಉರಿಯಿತು, ಬೇರು ಬೇರೂ ನೋಯಿತು, ಕೈಗವಸು ಹಾಕಿದ ಕೈ ತನಗರಿವಿಲ್ಲದೆ ಮೇಲೆ ಹೋಗಿ ಬಟ್ಟೆಯ ಮೇಲಿಂದಲೇ ಉಜ್ಜಿತು, ಕತ್ತಿನ ಹತ್ತಿರ ಉಜ್ಜಿತು, ಉಜ್ಜಬಾರದು ಎನ್ನುವುದು ಮೊದಲ ದಿನ ಕಲಿಸುವ ಪಾಠ, ಮಾರುದ್ದ ಗಾಜಿನಾಚೆಯಿಂದ ಕಣ್ಣಲ್ಲೇ ಗದರಿದಳು, ಸಂಜೆ ಮುಸುಕು ತೆಗೆದು ಒಳಗಿನ ಟೋಪಿ ಬಿಚ್ಚಿದರೆ ಅರ್ಧ ತಲೆ ಟೋಪಿಯಲ್ಲಿತ್ತು. ಅಳಲಿಲ್ಲ, ಬೆವರಿದಳು, ಟೋಪಿಯನ್ನು ಹಾಗೇ ಮಡಚಿ ಊಟದ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದಳು, ಮನೆಯಲ್ಲಿ ಡಬ್ಬಿ ತೊಳೆಯಲು ಹೋದ ಗಂಡನ ಕೈಗೆ ಅದು ಸಿಕ್ಕಿ ಅವನು ಬಚ್ಚಲಲ್ಲಿ ಎಷ್ಟೋ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದ.

ಎರಡನೆಯವಳ ಚರ್ಮ ಎದ್ದಿತು, ಬಿಟ್ಟಿತು. ಮೂರನೆಯವಳು ತಾನೇ ಕಿತ್ತುಕೊಡುತ್ತೇನೆಂದಳು, ಮೇಡಂ ಆಗಲಿ ಎಂದರು, ಹಾಗಾದರೆ ತಾವೇ ಕಿತ್ತುಕೊಡಬಹುದು, ದೇವರೇ, ತಾವೇ ಕಿತ್ತುಕೊಡಬಹುದು — ಬೆನ್ನ ಹಿಂದೆ ಅವಳ ಬಲಮುಷ್ಟಿ ಬಿಗಿಯಾಯಿತು. ವಿಗ್ಗಿನ ಅಂಗಡಿಯವನು ಒಳ್ಳೆಯವನು, ತೀರಾ ಒಳ್ಳೆಯವನು, ಕುರ್ಚಿಯ ಸುತ್ತ ಪರದೆ ಎಳೆದು ಟವೆಲ್ ಹೊದಿಸಿದ, ಗಂಡ ಪರದೆಯೊಳಗೇ ನಿಂತು ಒಂದೊಂದಕ್ಕೂ ಮಾರ್ಕು ಕೊಟ್ಟ, ಕೆಂಚು ಬಣ್ಣದ್ದಕ್ಕೆ ನಾಲ್ಕು, ಕತ್ತಿನವರೆಗಿನದಕ್ಕೆ ಮೂರು, ಇದ್ರಲ್ಲಿ ನನ್ನ ಸ್ಕೂಲಿನ ಹೆಡ್‌ಮಾಸ್ಟರ ಹಂಗೆ ಕಾಣ್ತೀಯ, ಗುಂಗುರಿನದು ಹಾಕಿದಾಗ ಅವನು ಮಾರ್ಕು ಕೊಡುವುದನ್ನೇ ಮರೆತ, ಚೆನ್ನಾಗಿ ಕಾಣಿಸಿದ್ದಳೋ ಏನೋ, ಅದರಿಂದ ಇನ್ನೂ ನೋವಾಯಿತು. ಯಾರೂ ತಿರುಗಿ ನೋಡ್ಬಾರ್ದು, ಅಂಥದ್ದು ಕೊಡಿ ಎಂದಳು, ಅಂಗಡಿಯವನು ತಲೆ ಕೆರೆದುಕೊಂಡ, ಅಂಥದ್ದೇ ಕಷ್ಟ ನೋಡಿ ಅಕ್ಕಾ, ಚೆಂದ ಬೇಕು ಅನ್ನೋರಿಗೆ ಐದು ನಿಮಿಷದಲ್ಲಿ ಕೊಡ್ತೀನಿ. ನೈಲಾನಿನದು ಬಿಸಿಲಲ್ಲಿ ಮಿಂಚುತ್ತದೆಂದು ಬೇಡವಾಯಿತು, ನಿಜವಾದ ಕೂದಲಿನದನ್ನು ಒಳಗಿನಿಂದ ತಂದ, ಮೂಸಿ ನೋಡಿದಳು, ಸೋಪಿನ ವಾಸನೆ, ಯಾರದ್ದಿದು ಎಂದು ಕೇಳಿದಳು, ಯಾರದ್ದೋ, ಬದುಕಿರೋರದ್ದೇ, ಹೆದರ್ಬೇಡಿ. ಆಮೇಲೆ ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ನಿಮ್ಮ ವಯಸ್ಸಿಗೆ ಪೂರ್ತಿ ಕಪ್ಪಾದ್ರೆ ಜನಕ್ಕೆ ಡೌಟು ಬರುತ್ತೆ ಎಂದು ಹೇಳಿ, ಸೂಜಿ ತೆಗೆದುಕೊಂಡು ಬೈತಲೆಯ ಪಕ್ಕ ಏಳು ಬಿಳಿ ಕೂದಲು ನೆಟ್ಟ, ಎಣಿಸಿ ಏಳು, ಅವಳು ನಕ್ಕಳು, ಕಾಯಿಲೆ ಗೊತ್ತಾದ ಮೇಲೆ ಮೊದಲ ಸಲ ನಕ್ಕದ್ದು, ಮುದಿತನವನ್ನು ದುಡ್ಡು ಕೊಟ್ಟು ಹೊಲಿಸಿಕೊಂಡವಳು ನಾನೊಬ್ಬಳೇ ಇರಬೇಕು. ಮನೆಯಲ್ಲಿ ಮಗಳು ಅದನ್ನು ಮುಟ್ಟಲಿಲ್ಲ, ಎಂಟು ವರ್ಷದವಳಿಗೆ ಎಲ್ಲಿಲ್ಲದ ಮರ್ಯಾದೆ, ಅಮ್ಮಾ, ಅವ್ರು ಎಲ್ಲಿ ಮಲಗ್ತಾರೆ? ಅವ್ರಿಗೆ ಸ್ನಾನ ಯಾವಾಗ? ಮನೆಗೆ ಬಂದ ನೆಂಟರ ಹಾಗೆ ಬಹುವಚನ, ಬಂದವರು ಯಾವಾಗ ಹೋಗುತ್ತಾರೆಂದು ಮಾತ್ರ ಕೇಳಲಿಲ್ಲ.

ಹೋಗುವುದಿಲ್ಲ, ಇನ್ನೂ ನಾಲ್ಕು ಡ್ರಿಪ್ ಬಾಕಿ, ಇವರು ಇರುತ್ತಾರೆ, ಬೆಳಿಗ್ಗೆ ಎದ್ದ ಕೂಡಲೇ ತಲೆ ಹಿಡಿದುಕೊಳ್ಳುತ್ತಾರೆ, ಬಸ್ಸಿನಲ್ಲಿ ಕಿಟಕಿ ತೆಗೆಯಲು ಬಿಡುವುದಿಲ್ಲ, ಯಾರಾದರೂ ಬಗ್ಗಿ ಕಿವಿಯಲ್ಲಿ ಗುಟ್ಟು ಹೇಳಿದರೆ ಎರಡು ಹೆಜ್ಜೆ ಹಿಂದೆ ಸರಿಸುತ್ತಾರೆ, ಇಲ್ಲಿ ಗೋಡೆಯ ಮೇಲೆ ದೊಡ್ಡ ಪಟ್ಟಿಯಿದೆ, ಕಾಡಿಗೆ ಬೇಡ, ಉಗುರು ಬಣ್ಣ ಬೇಡ, ಬಳೆ ಬೇಡ, ವಿಗ್ ಬೇಡವೆಂದು ಬರೆದಿಲ್ಲ, ಬರೆಯಬೇಕೆಂದು ಯಾರಿಗೂ ಹೊಳೆದಿಲ್ಲ, ಆ ಒಂದು ಸಾಲು ಇಲ್ಲದ ಜಾಗದಲ್ಲಿ ಅವಳು ಮೂರು ವಾರದಿಂದ ಬದುಕಿದ್ದಾಳೆ. ನಾಲ್ಕನೆಯವಳು. ಚರ್ಮ ಎದ್ದಿತು. ಆಸ್ಪತ್ರೆಯಲ್ಲಿ ಎರಡನೇ ಡ್ರಿಪ್ಪಿನ ದಿನ ತೂಗುಹಾಕಿದ ಬಾಟಲಿಯನ್ನು ದೀಪಕ್ಕೆ ತಿರುಗಿಸಿ ನೋಡುತ್ತಿದ್ದಳು, ಹಳೇ ಚಾಳಿ, ಏನ್ ನೋಡ್ತಾ ಇದೀರಾ ಎಂದಳು ನರ್ಸು, ಕೂದ್ಲು ಇದ್ಯಾ ಅಂತ, ನರ್ಸು ಬಿದ್ದು ಬಿದ್ದು ನಕ್ಕಳು, ಇದ್ರೆ ನಿಮ್ಗೆ ಲಾಭಾನೇ ಅಲ್ವಾ ಎಂದಳು, ಅವಳೂ ನಕ್ಕಳು, ಆದರೆ ಅವತ್ತೇ ಬಹುಶಃ ಬೀಗ ಹಾಕದ ಯಾವುದೋ ಕೋಣೆಯಲ್ಲಿ ಅವಳದೊಂದು ಎಳೆ ಬಾಟಲಿಯೊಳಗೆ ಸುತ್ತಿಕೊಂಡು ಕೂತಿತ್ತು, ದೀಪಕ್ಕೆ ಹಿಡಿಯುವವಳು ನಿನ್ನೆ ಆಕಳಿಸಿದ್ದರೆ ಅದು ತನ್ನ ಹಾಗೇ ತೋಳು ಚಾಚಿ ಮಲಗಿದ ಇನ್ನೊಬ್ಬಳ ನರಕ್ಕೆ ಹೋಗುತ್ತಿತ್ತು. ಇದನ್ನು ನೆನೆದರೆ ನಾಚಿಕೆಯಾಗುತ್ತದೆ, ಆ ನಾಚಿಕೆ ಡ್ರಿಪ್ಪಿನ ಮಾರನೆಯ ದಿನದ ವಾಂತಿಗಿಂತ ಕಷ್ಟ.

ಐದನೆಯವಳು ಕೂತಳು. ಮುಷ್ಟಿಯೊಳಗೆ ಬಸ್ ಟಿಕೆಟ್ಟು ಒದ್ದೆಯಾಗಿದೆ, ಟಿಕೆಟ್ಟಿನ ಮಡಿಕೆಯೊಳಗೆ ಒಂದು ಕೂದಲು, ಬುಡ ಸಮೇತ. ನಿನ್ನೆ ಸಂಜೆ ಬುಡ ಸಮೇತ ಕೂದಲು ಕೊಡಬೇಕೆಂದು ಎಲ್ಲರ ಮೊಬೈಲಿಗೂ ಸಂದೇಶ ಬಂದಾಗಲೇ ಅವಳಿಗೆ ಗೊತ್ತಾಗಿತ್ತು, ವಿಗ್ಗಿನ ಕೂದಲಿಗೆ ಬುಡವಿಲ್ಲ, ಗಂಟು ಇದೆ, ಬೆಳಿಗ್ಗೆ ಮಗಳಿಗೆ ತಲೆ ಬಾಚುವಾಗ ಶಾಲೆಯ ವ್ಯಾನು ಇನ್ನೂ ಬಂದಿರಲಿಲ್ಲ, ಒಂದು ಜಡೆ ಹೆಣೆದು ಮುಗಿದಿತ್ತು, ಎರಡನೆಯದರಲ್ಲಿ ಕೈ ನಿಂತಿತು, ಬೆಚ್ಚಗಿನ ಪುಟ್ಟ ತಲೆ, ಎಣ್ಣೆಯ ವಾಸನೆ, ಒಂದೇ ಎಳೆ ಹಿಡಿದು ಜಗ್ಗಿದಳು, ಚರ್ಮ ಮೇಲೆದ್ದಿತು, ಸಾಸಿವೆಯಷ್ಟು, ಅಮ್ಮಾ ನೋವು ಎಂದು ಮಗಳು ತಿರುಗಿದಳು, ಸಿಕ್ಕಾಗಿತ್ತು ಕಣೇ ಎಂದಳು, ಸಿಕ್ಕಿರಲಿಲ್ಲ, ಹಣಿಗೆ ಬೆಣ್ಣೆಯಲ್ಲಿ ಆಡಿದ ಹಾಗೆ ಆಡುತ್ತಿತ್ತು, ಮಗಳು ಆ ಜಾಗವನ್ನು ಬೆರಳಿನಿಂದ ಉಜ್ಜಿಕೊಂಡು, ನಿಂಗೂ ಹಿಂಗೇ ನೋವಾಯ್ತಾ ಎಲ್ಲಾ ಹೋಗುವಾಗ? ಇಲ್ಲಮ್ಮ, ನಂಗೆ ಗೊತ್ತೇ ಆಗ್ಲಿಲ್ಲ — ಒಂದೇ ಬೆಳಿಗ್ಗೆ ಎರಡು ಸುಳ್ಳು. ಈಗ ಮಾಡಬೇಕಾದದ್ದು ಸುಲಭ, ನಾನೇ ಕೀಳ್ತೀನಿ ಮೇಡಂ ಎನ್ನುವುದು, ಬೆರಳನ್ನು ಕೂದಲೊಳಗೆ ಹಾಕುವುದು, ಸ್ಸ್ ಎನ್ನುವುದು, ಮುಷ್ಟಿಯಲ್ಲಿದ್ದದ್ದನ್ನು ಕವರಿಗೆ ಬಿಡುವುದು, ಅದು ಹೊಂದುವುದಿಲ್ಲ, ಯಾರದ್ದೂ ಹೊಂದುವುದಿಲ್ಲ, ಕೆಲಸ ಉಳಿಯುತ್ತದೆ, ನಾಲ್ಕು ಡ್ರಿಪ್ಪೂ ರಜೆಯ ದಿನಗಳಲ್ಲಿ ಮುಗಿಯುತ್ತವೆ, ಕೂದಲು ಮತ್ತೆ ಬರುತ್ತದಂತೆ, ಆಗ ಯಾರಿಗೂ ಏನೂ ಗೊತ್ತಿರುವುದಿಲ್ಲ.

ಅದೇನೇ ಕೈಯಲ್ಲಿ, ಬೆನ್ನಿಗೆ ಬಾಯಿಟ್ಟು ಕೇಳಿದಳು ಮಾರುದ್ದ, ಬಸ್ ಟಿಕೆಟ್ಟು ಎಂದಳು ಇವಳು, ಬಿಸಾಕು ಅತ್ಲಾಗೆ, ಬೆವರಿಗೆ ಬಣ್ಣ ಹತ್ತುತ್ತೆ. ಆರನೆಯವಳು ಕೂತಿದ್ದಳು. ಮತ್ತೆ ಬೆನ್ನಿಗೆ ಅದೇ ಉಸಿರು, ನಂದೇ ಇರ್ಬೇಕು ಕಣೇ, ನಿನ್ನೆಯಿಂದ ಯೋಚ್ನೆ ಮಾಡ್ತಾನೇ ಇದೀನಿ, ನಂದೇ, ಇನ್ಯಾರದ್ದು ಇರುತ್ತೆ ಹೇಳು, ನಿಂಗೆ ಅವತ್ತು ಹುಷಾರಿರ್ಲಿಲ್ಲ, ನಿನ್ನ ಮುಸುಕು ನೋಡೋ ಗಡಿಬಿಡೀಲಿ ನಂದು ಸರಿ ಮಾಡ್ಕೊಂಡಿಲ್ಲ ಅನ್ಸುತ್ತೆ. ಅವಳು ತಿರುಗಲಿಲ್ಲ, ತಿರುಗಿದರೆ ಮುಖ ಕಾಣುತ್ತದೆ, ಸುಮ್ನಿರೇ ಎಂದಳು, ಮಾರುದ್ದ ಸುಮ್ಮನಿರುವ ಜಾತಿಯಲ್ಲ, ಹೆದರಿದಾಗ ಇನ್ನೂ ಜಾಸ್ತಿ, ಕೇಳೇ ಇಲ್ಲಿ, ಕೆಲ್ಸ ಒಂದು ಉಳೀಲಿ, ಇವತ್ತೇ ಹೋಗಿ ಪೂರ್ತಿ ಬೋಳಿಸ್ಕೊಂಡು ಬರ್ತೀನಿ, ಬೋಳುತಲೆ ಇದ್ರೇನು, ಯಾರ್ ಸತ್ತೋಗ್ತಾರೆ ಅದ್ಕೆ, ಅಲ್ವಾ — ಹೇಳಿ ತನ್ನ ಮಾತಿಗೆ ತಾನೇ ಸಣ್ಣಗೆ ನಕ್ಕಳು, ನಗು ಅರ್ಧಕ್ಕೆ ಮುರಿಯಿತು, ಜಡೆಯ ತುದಿಯನ್ನು ಮಗುವಿನ ಹಾಗೆ ಮುಷ್ಟಿಯಲ್ಲಿ ಹಿಡಿದುಕೊಂಡಿರಬೇಕು, ನೋಡದೆಯೂ ಗೊತ್ತಾಗುತ್ತದೆ, ಹದಿನಾಲ್ಕು ವರ್ಷ. ಏಳನೆಯವಳ ಚರ್ಮ ಎದ್ದಿತು, ನಿಂತಿತು, ಬಿಟ್ಟಿತು. ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ಒಂದು ಕೂದಲನ್ನು ಬಿಟ್ಟುಕೊಡಲು ಎಷ್ಟು ಹಟ ಮಾಡುತ್ತದೆ, ತನ್ನ ತಲೆಯೂ ಒಂದು ಕಾಲದಲ್ಲಿ ಹಾಗೆ ಹಟ ಮಾಡುತ್ತಿತ್ತೇ, ಅವತ್ತು ಯಾಕೆ ಒಂದಿಷ್ಟೂ ತಡೆಯಲಿಲ್ಲ.

ಬನ್ನಿ, ನೀವೇ ಕೀಳ್ತೀರಾ, ನಾನು ಕೀಳ್ಲಾ? ಕುರ್ಚಿ ಇನ್ನೂ ಬೆಚ್ಚಗಿದೆ. ಮೇಜಿನ ಮೇಲೆ ಏಳು ಕವರು ತುಂಬಿವೆ, ಎರಡು ಖಾಲಿ, ಎಂಟನೆಯದರ ಮೇಲೆ ಅವಳ ನಂಬರು, ಒಂಬತ್ತನೆಯದರ ಮೇಲೆ ಮಾರುದ್ದಳದು, ಒತ್ತೊತ್ತಿಗೆ ಇಟ್ಟಿದ್ದಾರೆ, ನಾನೇ ಎಂದು ಹೇಳಲು ಬಾಯಿ ತೆರೆದಳು, ನಾನೇ ಎನ್ನುವ ಮಾತು ನಾಲಿಗೆಯ ಮೇಲೆ ಬಂದು ನಿಂತಿತು, ಮುಷ್ಟಿ ಮಡಿಲಿಗೆ ಬಂದಿದೆ, ಅದರೊಳಗೆ ಮಗಳು ತಲೆಯುಜ್ಜಿಕೊಳ್ಳುತ್ತಾ ನಿಂತಿದ್ದಾಳೆ, ಹಿಂದೆ ಮಾರುದ್ದ ಉಸಿರು ಬಿಗಿಹಿಡಿದಿದ್ದಾಳೆ, ಎರಡು ಬಾಗಿಲೂ ಮುಚ್ಚಿವೆ, ಯಾವುದಾದರೂ ಒಂದನ್ನು ತೆರೆಯಲೇಬೇಕು. ನೀವೇ ಕೀಳಿ ಮೇಡಂ, ಎಂದಳು, ಧ್ವನಿ ಯಾರದ್ದೋ ಎನ್ನುವಷ್ಟು ಸಾದಾ ಆಗಿತ್ತು, ತಲೆ ಬಗ್ಗಿಸಿದಳು, ಕೈಯೆತ್ತಿ ಅದುಮಿ ಹಿಡಿಯಬಹುದಿತ್ತು, ಹಿಡಿಯಲಿಲ್ಲ, ಚಿಮುಟದ ತಣ್ಣನೆಯ ತುದಿ ಏಳು ಬಿಳಿಗೂದಲಿನ ಪಕ್ಕದಲ್ಲಿ ಒಂದು ಎಳೆಯನ್ನು ಹುಡುಕಿತು, ಕಚ್ಚಿತು, ಮೇಲಕ್ಕೆ ಜಗ್ಗಿತು, ನೋವಾಗಲಿಲ್ಲ, ಇನ್ನಷ್ಟು ಜಗ್ಗಿತು, ಮೇಡಂ ಕೈ ಗಾಳಿಯಲ್ಲಿ ನಿಂತುಬಿಟ್ಟಿತು, ಹಿಂದೆ ಯಾರೋ ಅಯ್ಯೋ ಎಂದರು, ಎದುರಿನ ಸ್ಟೀಲಿನ ಮೇಜಿನ ಹೊಳಪಿನಲ್ಲಿ ಅವಳಿಗೆ ಕಂಡದ್ದು, ಸಾಸಿವೆಯಷ್ಟು ಏಳಬೇಕಾದಲ್ಲಿ ಹಣೆಯಿಂದ ನೆತ್ತಿಯವರೆಗೆ ಬೈತಲೆ ಪೂರ್ತಿ ಮೇಲೆದ್ದಿತ್ತು, ಎದ್ದು ಹಾಗೇ ನಿಂತಿತ್ತು.