ಹೊಟ್ಟೆಯೊಳಗಿನ ನೆಂಟರು

"ಮಾತ್ರೆ ಎಲ್ಲಿಗೆ ಬಿಸಾಡ್ತೀರಿ? ಸತ್ಯ ಹೇಳಿ."

ಡಾಕ್ಟರ್ ವಸುಧಾ ರಕ್ತಪರೀಕ್ಷೆಯ ಚೀಟಿಯನ್ನು ಮೇಜಿಗೆ ಒತ್ತಿ ಹಿಡಿದಿದ್ದರು. ಐದರ ಒಳಗೆ ಇರಬೇಕಾದ ಥೈರಾಯ್ಡಿನ ಅಂಕಿ ಮೂವತ್ತೆಂಟಕ್ಕೆ ಏರಿ ಕೂತಿತ್ತು. ಎರಡು ವರ್ಷದಲ್ಲಿ ಮೂರು ಸಲ ಮಾತ್ರೆ ಹೆಚ್ಚಿಸಿಯೂ ಇದು ಅವಸ್ಥೆ.

"ದಿನಾ ನುಂಗ್ತೇನೆ ಡಾಕ್ಟ್ರೆ," ಎಂದರು ಕಮಲಾವತಿ. ಥೈರಾಯ್ಡ್ ಕೆಟ್ಟು ಸ್ವರ ಸೀಳಿದ ಬಿದಿರಿನ ಹಾಗಾಗಿತ್ತು. ಪುತ್ತಿಗೆಯ ಬಸದಿಯಲ್ಲಿ ಮೂವತ್ತು ವರ್ಷ ಬೆಳಗಿನ ಸ್ತೋತ್ರ ಹೇಳಿದ ಸ್ವರ ಅದು. "ಗಂಟಲು ಸರಿಯಾದ ಮೇಲೆ ಬನ್ನಿ ಅಕ್ಕ," ಎಂದು ಬಸದಿಯವರು ನಯವಾಗಿ ಹೇಳಿ ತಿಂಗಳಾಗಿತ್ತು. ಮಾತ್ರೆ ಮೈಗೆ ಹಿಡಿಯದಿದ್ದರೆ ಆ ಸ್ತೋತ್ರ ಇನ್ನು ಅವರದ್ದಲ್ಲ.

ಬಂಟ್ವಾಳದವರೆಗೆ ಜೊತೆಗೆ ಬಂದಿದ್ದ ಸೊಸೆ ಸಾಧನಾ ಬಾಯಿ ಹಾಕಿದಳು. "ಇವರು ನುಂಗುದು ನಾನು ನೋಡಿಲ್ಲ ಮೇಡಂ. ಹಿತ್ತಿಲಿನ ಬಸಳೆ ಮಾತ್ರ ಭಾರೀ ಲಾಯ್ಕ ಬೆಳೆದಿದೆ. ಅದಕ್ಕೆ ಹಾಕ್ತಾರಾ ಅಂತ ನಂಗೆ ಸಂಶಯ."

ಕಮಲಾವತಿ ಎಂದರೆ ಸಕ್ಕರೆ ಡಬ್ಬಿಗೆ ಬಿದ್ದ ಇರುವೆಯನ್ನು ಕಾಗದದ ತುದಿಯಲ್ಲಿ ಎತ್ತಿ ಅಂಗಳಕ್ಕೆ ಬಿಡುವ ಹೆಂಗಸು. ಸುಳ್ಳು ಆರೋಪಕ್ಕೆ ಉತ್ತರ ಕೊಡುವುದೂ ಅವರ ಮಟ್ಟಿಗೆ ಜಗಳವೇ.

"ಹೇಗೆ ನುಂಗ್ತೀರಿ, ಅದು ಹೇಳಿ," ಎಂದರು ವಸುಧಾ.

"ಸೂರ್ಯ ಹುಟ್ಟಿ ಎರಡು ಗಳಿಗೆ ಆದ ಮೇಲೆ. ಸಂಜೆ ಸೂರ್ಯ ಮುಳುಗಿದಲ್ಲಿಂದ ಅಷ್ಟರವರೆಗೆ ನಾವು ಜೈನರು ನೀರೂ ಮುಟ್ಟುವುದಿಲ್ಲ. ಗ್ಯಾಸಿನ ಮಾತ್ರೆಯ ಒಟ್ಟಿಗೇ ನುಂಗ್ತೇನೆ. ಎರಡಕ್ಕೂ ಒಂದೇ ಗುಟುಕು ನೀರು ಸಾಕು. ಕೂಡಲೇ ಗಂಜಿ."

"ಗ್ಯಾಸಿನ ಮಾತ್ರೆ ಯಾರು ಕೊಟ್ಟದ್ದು?"

"ಮೆಡಿಕಲಿನಿಂದ ನಾನೇ ತರಿಸಿದ್ದು. ಮೂರು ವರ್ಷ ಆಯಿತು. ಮೊಸರು ಬಿಟ್ಟ ಮೇಲೆ ಹೊಟ್ಟೆ ಕಟ್ತದೆ, ಉರೀತದೆ."

"ಮೊಸರು ಯಾಕೆ ಬಿಟ್ರಿ?"

"ಒಂದು ಚಮಚ ಮೊಸರಿನಲ್ಲಿ ಕೋಟಿಗಟ್ಟಲೆ ಜೀವ ಉಂಟು ಅಂತ ಪೇಪರಿನಲ್ಲಿ ಬಂದಿತ್ತು. ಅವತ್ತೇ ನೇಮ ಹಿಡಿದೆ. ಹುಳಿ ಬಂದ ಹಿಟ್ಟಿನ ಇಡ್ಲಿ ದೋಸೆಯೂ ಇಲ್ಲ."

ವಸುಧಾ ಪೆನ್ನು ಕೆಳಗಿಟ್ಟರು. ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ಅವರಿಗೇ ತಿಳಿಯಲಿಲ್ಲ.

"ನಿಮ್ಮ ಕರುಳಿನಲ್ಲಿಯೂ ಕೋಟಿಗಟ್ಟಲೆ ಉಂಟು ಅಮ್ಮ. ನೀವು ತಿನ್ನುವ ನಾರೇ ಅವುಗಳ ಊಟ. ಅವು ಸುಖವಾಗಿದ್ರೆ ಕರುಳು ಸರಿ ಇರ್ತದೆ, ಕರುಳು ಸರಿ ಇದ್ರೆ ಮಾತ್ರೆ ಮೈಗೆ ಹಿಡೀತದೆ. ಥೈರಾಯ್ಡಿಗೂ ಅವಕ್ಕೂ ಇರುವ ನಂಟು ಪೂರ್ತಿ ಗೊತ್ತಾಗಿದೆ ಅಂತ ನಾನು ಸುಳ್ಳು ಹೇಳುವುದಿಲ್ಲ, ಇನ್ನೂ ಹುಡುಕ್ತಾ ಇದ್ದಾರೆ. ಆದ್ರೆ ಗ್ಯಾಸಿನ ಮಾತ್ರೆ ಥೈರಾಯ್ಡಿನ ಮಾತ್ರೆಗೆ ಅಡ್ಡ ಬರ್ತದೆ, ಒಳಗಿನವರನ್ನೂ ಕೆಡಿಸ್ತದೆ. ಮೊಸರು ಬೇಡದಿದ್ರೆ ನೀರುಳ್ಳಿ ತಿನ್ನಿ."

"ನೀರುಳ್ಳಿ ಇಲ್ಲ."

"ಗೆಣಸು?"

"ನೆಲದಡಿಯದ್ದು ಇಲ್ಲ."

"ಸೊಪ್ಪು?"

"ಚಾತುರ್ಮಾಸ ಅಲ್ವಾ. ಮಳೆಗಾಲ ಮುಗಿಯುವವರೆಗೆ ಇಲ್ಲ."

"ಗಾಳಿ ಉಂಟು ಮೇಡಂ," ಎಂದಳು ಸಾಧನಾ, "ಅದೂ ಸೋಸಿ."

"ಹಾಗಾದ್ರೆ ನೇಮ ಬಿಡಿ," ವಸುಧಾ ಗದರಿದರು. "ನೇಮ ದೊಡ್ಡದಾ, ಜೀವ ದೊಡ್ಡದಾ?"

ಕಮಲಾವತಿ ತನ್ನ ಹೊಟ್ಟೆಯತ್ತ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು. "ಆ ಒಳಗಿನವು ಮೂರು ವರ್ಷದಿಂದ ಉಪವಾಸವಾ?"

"ಅರೆಹೊಟ್ಟೆ ಅಂತ ಇಟ್ಟುಕೊಳ್ಳಿ."

"ಸತ್ತಿವೆಯಾ?"

"ಕೆಲವು ಸತ್ತಿರಬಹುದು."

ತನ್ನ ಸ್ವರ ಹೋದಾಗ ಅಳದ ಹೆಂಗಸಿನ ಕಣ್ಣು ಈಗ ತುಂಬಿತು. ಸೆರಗಿನಿಂದ ಒರೆಸಿಕೊಂಡು, "ಅವಕ್ಕೆ ಏನು ಇಷ್ಟ?" ಎಂದರು.

ಇಪ್ಪತ್ತು ವರ್ಷದ ಡಾಕ್ಟರಿಕೆಯಲ್ಲಿ ವಸುಧಾರನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ನೇಮ ಬಿಡುವುದು ಬೇಡ. ನೇಮಕ್ಕೆ ಸಿಗುವುದನ್ನೇ ಹುಡುಕುವ." ಚೀಟಿಯ ಹಿಂಬದಿಯಲ್ಲಿ ಇಬ್ಬರೂ ಸೇರಿ ಬರೆದದ್ದು ಬಾಳೆದಿಂಡು, ಬಾಳೆಕಾಯಿ, ಹಲಸಿನ ಬೀಜ, ಹೆಸರುಕಾಳು, ಕುಚ್ಚಲಕ್ಕಿ. ಬೆಳಿಗ್ಗೆ ಥೈರಾಯ್ಡಿನ ಮಾತ್ರೆಯೊಂದನ್ನೇ ನುಂಗಬೇಕು, ಆಮೇಲೆ ಒಂದು ಗಂಟೆ ಏನೂ ಇಲ್ಲ. ಗ್ಯಾಸಿನದ್ದು ಬಂದ್. "ಡೋಸ್ ಏರಿಸುವುದಿಲ್ಲ. ಎರಡು ತಿಂಗಳು ನೋಡುವ."

ಆ ಎರಡು ತಿಂಗಳು ಕಮಲಾವತಿ ತಪ್ಪಲಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿ ಗಡಿಯಾರದ ಎದುರು ಕೈ ಮಡಚಿ ಕೂರುವರು. ಆಚೆ ಗಂಜಿ ಬೆಂದು ಘಮಘಮ ಎನ್ನುತ್ತಿದ್ದರೂ, ಹಿಂದಿನ ಸಂಜೆಯಿಂದ ಹಸಿದ ಹೊಟ್ಟೆಯಲ್ಲಿ, ಪೂರಾ ಒಂದು ಗಂಟೆ. ಹಗಲು ಬಾಳೆದಿಂಡು ಹೆಚ್ಚಿ, ಬಿಲ್ಲೆಬಿಲ್ಲೆಗೂ ಬರುವ ನೂಲನ್ನು ಬೆರಳಿಗೆ ಸುತ್ತಿ ತೆಗೆಯುವರು. ಮೊದಲ ವಾರ ಸಾಧನಾ ಬಾಗಿಲ ಸಂದಿಯಿಂದ ಪರೀಕ್ಷೆ ಮಾಡಿದಳು. ಎರಡನೆಯ ವಾರ ಬಸಳೆಯ ಮಾತು ನಿಂತಿತು. ಮೂರನೆಯ ವಾರ ಕತ್ತಿ ಹಿಡಿದು ದಿಂಡು ಕಡಿಯಲು ಅವಳೇ ಹಿತ್ತಿಲಿಗೆ ಇಳಿದಳು.

ಅಂಕಿ ಹನ್ನೊಂದಕ್ಕೆ ಇಳಿಯಿತು.

"ಇದರಲ್ಲಿ ಮಾತ್ರೆಯದ್ದೆಷ್ಟು, ದಿಂಡಿನದ್ದೆಷ್ಟು, ನನಗೆ ಗೊತ್ತಿಲ್ಲ," ಎಂದರು ವಸುಧಾ. "ನಿಮ್ಮಂಥವರನ್ನು ಮಾತ್ರ ನಾನು ನೋಡಿಲ್ಲ."

ಮರುದಿನ ಕಮಲಾವತಿ ಬಸದಿಯಲ್ಲಿ ನಿಂತು ಸ್ತೋತ್ರ ಹಿಡಿದರು. ಮೂರನೆಯ ಸಾಲಿಗೆ ಸ್ವರ ಒಡೆಯಿತು. ಅವರು ನಿಲ್ಲಿಸಲಿಲ್ಲ, ಬೇರೆ ಯಾರೂ ನಡುವೆ ಎತ್ತಿಕೊಳ್ಳಲಿಲ್ಲ. ಕೊನೆಯ ಸಾಲಿನವರೆಗೂ ಅವರದ್ದೇ.

ಅಂದು ಸಂಜೆ, ಬೆಳಕಿರುವಾಗಲೇ ಊಟ ಮುಗಿಸಿದ ಅತ್ತೆಯ ಬಟ್ಟಲು ಎತ್ತಲು ಸಾಧನಾ ಅಡುಗೆಮನೆಗೆ ಬಂದಳು. ಕಮಲಾವತಿ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಹೊಸ್ತಿಲು ದಾಟಿ ಬಂದ ಯಾರನ್ನಾದರೂ ಕೇಳುವಂತೆ ತುಳುವಿನಲ್ಲಿ ಮೆಲ್ಲಗೆ ಕೇಳುತ್ತಿದ್ದರು.

"ವನಸ್ ಆಂಡಾ?" ಊಟ ಆಯಿತಾ?

ಸಾಧನಾ ನಗಲಿಲ್ಲ. ಕಿಟಕಿಯಾಚೆ ಇಣುಕಿ ನೋಡಿದಳು. ಗುಡ್ಡದ ನೆತ್ತಿಯ ಮೇಲೆ ಸೂರ್ಯ ಇನ್ನೂ ಒಂದು ಗೇಣು ಉಳಿದಿದ್ದ. ಅವಳು ದಿಂಡಿನ ಪಲ್ಯದ ಪಾತ್ರೆ ಎತ್ತಿಕೊಂಡು ಬಂದು, ಖಾಲಿ ಬಟ್ಟಲಿಗೆ ಇನ್ನೊಂದು ಸೌಟು ಬಡಿಸಿದಳು.